ಕೋರ್ಟಿಗೆ ಹೋಗಲು ಕೈಯಲ್ಲೊಂದು ಕಾಯ್ದೆ ಬೇಕು

ಬೆಂಗಳೂರಿನ ಹಲಸೂರು ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಕೊನೆಗೆ ಸೇರುವುದು ಬೆಳ್ಳಂದೂರಿಗೆ, ದಾರಿಯುದ್ದದ ಕೊಳಚೆಯನ್ನೂ ಹೊತ್ತುಕೊಂಡು. 2017ರ ಫೆಬ್ರವರಿಯಲ್ಲಿ ಆ ಬೆಳ್ಳಂದೂರು ಕೆರೆಯೇ ಹೊತ್ತಿ ಉರಿಯಿತು. ಕೆರೆಗೆ ಬೆಂಕಿ ಬಿದ್ದರೂ ಕಡತಗಳಿಗೆ ಬಿಸಿ ತಟ್ಟಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಎತ್ತಿಕೊಳ್ಳಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಅದು ರಾಜ್ಯಕ್ಕೆ 50 ಕೋಟಿ, ನಗರ ಪಾಲಿಕೆ ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಕೆರೆ ಕೆಲಸಕ್ಕೆಂದು 500 ಕೋಟಿ ತೆಗೆದಿಡಿ ಎಂದಿತು, ಮೇಲ್ವಿಚಾರಣೆಗೆ ನ್ಯಾ. ಸಂತೋಷ್ ಹೆಗ್ಡೆ ಅವರನ್ನು ಕೂರಿಸಿತು. ಹೂಳೆತ್ತುವ ಯಂತ್ರಗಳು ಕೆರೆಗಿಳಿದದ್ದು ಆಮೇಲೆ.

ಹಾಗೆಂದು ಕೋರ್ಟಿಗೆ ಕೈಮುಗಿದು ಸುಮ್ಮನಾಗುವಂತಿಲ್ಲ. ಕೆರೆಯಂಚಿನಿಂದ 75 ಮೀಟರ್‌ವರೆಗೆ ಕಟ್ಟಡ ಬೇಡ ಎಂದು ಇದೇ ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ಬಿಲ್ಡರುಗಳಷ್ಟೇ ಅಲ್ಲ, ಸರ್ಕಾರವೂ ಅದನ್ನು ವಿರೋಧಿಸಿತು. ಮಾಸ್ಟರ್ ಪ್ಲಾನ್‌ನಲ್ಲಿ 30 ಮೀಟರ್ ಎಂದಿದೆ, ಅದಕ್ಕೆ ಶಾಸನದ ಬಲವಿದೆ, ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಅಳಿಸಿಹಾಕಿತು. ಕಹಿಯಾದರೂ ಇದು ಪಾಠ: ಕಾಯ್ದೆಯಲ್ಲಿ ಇಲ್ಲದ್ದು ಮೇಲಿನ ಮೆಟ್ಟಿಲಲ್ಲಿ ನಿಲ್ಲುವುದು ಕಷ್ಟ.

ಹವಾಮಾನದ ಮಾತಿಗೆ ಬಂದರೆ ಅಂಥ ಕಾಯ್ದೆಯಿಲ್ಲದೆ ನಮ್ಮ ಕೈ ಇನ್ನೂ ಬರಿದು. ನೆದರ್ಲೆಂಡ್ಸ್‌ನಲ್ಲಿ ಉರ್ಗೆಂಡಾ ಎಂಬ ಪರಿಸರ ಸಂಸ್ಥೆ 886 ನಾಗರಿಕರ ಜೊತೆ ಸೇರಿ ಸರ್ಕಾರದ ಮೇಲೆ ದಾವೆ ಹೂಡಿತು. 2020ರೊಳಗೆ ಇಂಗಾಲದ ಹೊಗೆ 1990ಕ್ಕಿಂತ ಶೇ. 25ರಷ್ಟು ಇಳಿಯಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತಪಡಿಸಿತು. ಅಂಕಿಯೂ ಇತ್ತು, ಗಡುವೂ ಇತ್ತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ, ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದು ಪ್ರಜೆಯ ಹಕ್ಕು ಎಂದಿದೆ. ದೊಡ್ಡ ಮಾತೇ. ಆದರೆ ಅದು ಎರೆಭೂತ ಹಕ್ಕಿಯನ್ನು ಉಳಿಸಲು ಹೂಡಿದ್ದ ಮೊಕದ್ದಮೆ. ಅದೇ ತೀರ್ಪಿನಲ್ಲಿ ಸೌರ ವಿದ್ಯುತ್ ತಂತಿಗಳಿಗಾಗಿ ಹಕ್ಕಿಗಿದ್ದ ರಕ್ಷಣೆ ಸಡಿಲವಾಯಿತು! ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಆ ಹಕ್ಕಿ ಯಾರ ಹತ್ತಿರ ದೂರು ಹೇಳೀತು?

ಅಂಕಿ, ಗಡುವು ಇಲ್ಲಿ ಇಲ್ಲವೆಂದಲ್ಲ: 2023ರ ನವೆಂಬರ್‌ನಲ್ಲಿ ಬಿಬಿಎಂಪಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. 2050ಕ್ಕೆ ಹೊಗೆಯ ಲೆಕ್ಕ ಸೊನ್ನೆ ಎಂಬ ಗುರಿ ಅದರಲ್ಲಿದೆ. ಈಗ ಬಿಬಿಎಂಪಿಯೇ ಇಲ್ಲ, ಅದರ ಜಾಗದಲ್ಲಿ ಐದು ಪಾಲಿಕೆಗಳಿವೆ. ಶಾಸನದ ಬಲವಿಲ್ಲದ ಆ ಹೊತ್ತಗೆ ಹಿಡಿದು ಕೋರ್ಟಿಗೆ ಹೋದರೆ, ಇದು ಬರೀ ಆಶಯ ಎಂದು ಸರ್ಕಾರಿ ವಕೀಲರು ಕೈತೊಳೆದುಕೊಳ್ಳಬಹುದು.

ಶಿವಾಜಿನಗರದವರೇ, ಕೆ.ಆರ್. ಪುರದವರೇ, ವೋಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಆ ಯೋಜನೆಯನ್ನು ಕಾಯ್ದೆ ಮಾಡುತ್ತೀರಾ, ಯಾವ ತಾರೀಖಿಗೆ?