ಹಾಲಿಗೆ ಸಂಘ, ಹಂದಿಗೆ ದಲ್ಲಾಳಿ

ಕೊಚ್ಚಿ, ತಿರುವನಂತಪುರಗಳಲ್ಲಿ ಹೋಟೆಲು ನಡೆಸುವ ನಮ್ಮವರು ಎಲೆಯೆತ್ತಿದ ಮೇಲೆ ಉಳಿದ ಅನ್ನ ಎಲ್ಲಿಗೆ ಹೋಗುತ್ತದೆಂದು ವಿಚಾರಿಸುವುದು ಅಪರೂಪ. ಅದರ ಒಂದು ಪಾಲು ಊರಾಚೆಯ ಹಂದಿಗೂಡುಗಳನ್ನು ಸೇರುತ್ತದೆ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹೊತ್ತಿ ಉರಿದಾಗ ನಗರವೆಲ್ಲ ಬೆಚ್ಚಿತು. ಆ ಹೊರೆಯಲ್ಲಿ ಒಂದಿಷ್ಟನ್ನು ಸದ್ದಿಲ್ಲದೆ ಕರಗಿಸುವ ಸಣ್ಣ ಸಾಕಣೆಗಾರನ ಪಾಡು ಮಾತ್ರ ಯಾರ ಚರ್ಚೆಗೂ ಬರಲಿಲ್ಲ.

ಎರಡು ಮೂರು ಹಂದಿ ಸಾಕುವವನಿಗೆ ಅದು ಉದ್ಯಮವಲ್ಲ, ಆಪದ್ಧನ. ಮಕ್ಕಳ ಶುಲ್ಕವೋ ಆಸ್ಪತ್ರೆಯ ಖರ್ಚೋ ಎದುರಾದ ದಿನ ಮಾರುತ್ತಾನೆ. ಅವಸರ ಅವನದು, ಬೆಲೆ ದಲ್ಲಾಳಿಯದು. ತಕ್ಕಡಿಯ ಬದಲು ಕಣ್ಣಂದಾಜು. ಯಾರ್ಕ್‌ಷೈರ್ ತಳಿ ತಂದರೆ ಬಡತನ ನೀಗೀತೆಂಬ ಉಪದೇಶ ಅರ್ಧಸತ್ಯ. ತಾಯಿಹಂದಿ 114 ದಿನಗಳಲ್ಲಿ ಈದು ಎಂಟು ಹತ್ತು ಮರಿ ಕೊಟ್ಟೀತು. ಆದರೆ ಅವೆಲ್ಲ ಒಟ್ಟಿಗೇ ಮಾರಾಟಕ್ಕೆ ಬಂದಾಗ ಕೊಳ್ಳುವವನಿಲ್ಲದಿದ್ದರೆ, ದಿನದಿನದ ಮೇವೇ ಲಾಭವನ್ನು ತಿನ್ನುತ್ತದೆ.

ಆದ್ದರಿಂದ ತಳಿಗಿಂತ ಮೊದಲು ಬೇಕಾದದ್ದು ಸಂಘಟನೆ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಬಂಡವಾಳದ ಅರ್ಧದಷ್ಟು ಸಹಾಯಧನ ಕೊಡುತ್ತದೆ ನಿಜ. ಅದು ಹತ್ತಾರು ತಾಯಿಹಂದಿಗಳ ಘಟಕಕ್ಕೆ. ಎರಡೇ ಇರುವವನು ಬಾಗಿಲಾಚೆಯೇ ನಿಲ್ಲುತ್ತಾನೆ. ಒಂದೇ ಹಸುವಿನ ಒಡತಿಗೂ ಅಳತೆ ಮಾಡಿದ ಹಾಲಿಗೆ ನಿಗದಿತ ಬೆಲೆ ಸಿಗುವುದು ಸಹಕಾರದಿಂದ. ಕರ್ನಾಟಕದ ಹಾಲಿನ ಸಂಘಗಳನ್ನು ನಾವು ಬಲ್ಲೆವು. ಕೇರಳದಲ್ಲಿ 1980ರಲ್ಲಿ ಹುಟ್ಟಿದ ಮಿಲ್ಮಾ ತಿರುವನಂತಪುರದಿಂದಲೇ ನಡೆಯುತ್ತಿದೆ. ಹಂದಿಗೂ ಅದೇ ನ್ಯಾಯ ಏಕಿಲ್ಲ? ಇಪ್ಪತ್ತು ಮನೆಗಳು ಕೂಡಿ ಒಂದು ತಕ್ಕಡಿ ಇಟ್ಟುಕೊಂಡು, ಮಾರಾಟದ ದಿನ ಗೊತ್ತುಮಾಡಿ, ಎರ್ನಾಕುಳಂ ಜಿಲ್ಲೆಯ ಕೂತ್ತಾಟ್ಟುಕುಳಂ ಬಳಿ 1973ರಲ್ಲಿ ಸ್ಥಾಪನೆಯಾದ ಸರ್ಕಾರಿ ಮೀಟ್ ಪ್ರಾಡಕ್ಟ್ಸ್ ಆಫ್ ಇಂಡಿಯಾದಂಥ ಸಂಸ್ಥೆಯೊಡನೆ ನೇರ ಕರಾರು ಮಾಡಿಕೊಳ್ಳುವಂತಾಗಬೇಕು.

ರೋಗದ ಭೀತಿಯೂ ಒಬ್ಬೊಬ್ಬನೇ ಹೊರಬಹುದಾದ ಹೊರೆಯಲ್ಲ. 2022ರ ಜುಲೈನಲ್ಲಿ ವಯನಾಡಿನ ಮಾನಂತವಾಡಿಯಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿತು. ಮನುಷ್ಯರಿಗೆ ಅದು ತಗಲದು. ಹಂದಿಗೆ ಬಂದರೆ ಮದ್ದಿಲ್ಲ. ರೋಗ ಕಂಡ ಗೂಡಿನಿಂದ ಒಂದು ಕಿಲೋಮೀಟರ್ ಸುತ್ತಳತೆಯ ಹಂದಿಗಳನ್ನೆಲ್ಲ ಕೊಲ್ಲುವುದೇ ನಿಯಮ. ಸೋಂಕಿನ ಮಾಂಸ ಬೆರೆತ ಎಂಜಲಿನಿಂದ ಅದು ಹರಡಬಲ್ಲದು. ಎಂಜಲನ್ನು 90 ಡಿಗ್ರಿಯಲ್ಲಿ ಒಂದು ಗಂಟೆ ಕಲಕುತ್ತ ಕುದಿಸಿದರೆ ಅಪಾಯ ನೀಗುತ್ತದೆ. ಅದರ ಸೌದೆಯ ಖರ್ಚಿಗೂ ಸಾಮೂಹಿಕ ಒಲೆಯೇ ಪರಿಹಾರ.

ನಮ್ಮ ಕರ್ತವ್ಯವೂ ಇಲ್ಲಿದೆ. ಅನ್ನದ ತೊಟ್ಟಿಗೆ ಪ್ಲಾಸ್ಟಿಕ್ಕು, ಗಾಜು ಬೀಳದಂತೆ ನೋಡಿಕೊಳ್ಳುವುದು ಹೋಟೆಲಿನ ಒಡೆಯರಿಗೆ ಕಷ್ಟವಲ್ಲ. ಹಂದಿಯೆಂಬ ಹೆಸರನ್ನೇ ಬೈಗುಳವಾಗಿಸಿಕೊಂಡ ಸಮಾಜ, ಅದನ್ನು ಸಾಕುವವನನ್ನೂ ಅದೇ ಕಣ್ಣಿನಿಂದ ಕಂಡಿದೆ. ನಮ್ಮ ಎಂಜಲನ್ನು ಹೊತ್ತೊಯ್ಯುವವನಿಗೆ ನ್ಯಾಯವಾದ ತೂಕ ಮತ್ತು ಬೆಲೆ ಸಿಗಬೇಕೆಂದು ಕೇಳುವುದು ಉಪಕಾರವಲ್ಲ, ಸಲ್ಲಬೇಕಾದ ಋಣ.