ಜೀವಜಗತ್ತು: ಸಿಡ್ನಿಯ ಆಲಿಕೆಬಲೆ ಜೇಡ

ನಮ್ಮ ಮನೆಗಳ ಜಂತಿಯಲ್ಲಿ ಬಲೆ ನೇಯುವ ಜೇಡಕ್ಕೆ ನಾವು ಅಂಜಬೇಕಾಗಿಲ್ಲ. ನೊಣ, ಸೊಳ್ಳೆಗಳನ್ನು ತಿಂದು ಅದು ಉಪಕಾರವನ್ನೇ ಮಾಡುತ್ತದೆ. ಆಸ್ಟ್ರೇಲಿಯದ ಸಿಡ್ನಿ ನಗರದ ಸುತ್ತಮುತ್ತ ವಾಸಿಸುವ ಆಲಿಕೆಬಲೆ ಜೇಡದ ಮಾತೇ ಬೇರೆ. ವಿದ್ಯೆ, ಉದ್ಯೋಗಗಳ ನಿಮಿತ್ತ ಮಕ್ಕಳನ್ನು ಆ ನಗರಕ್ಕೆ ಕಳುಹಿಸಿರುವ ಬಂಧುಗಳಿಗಾದರೂ ಇದರ ಪರಿಚಯ ಅನಗತ್ಯವೆನಿಸದು.

ಹೊಳೆಯುವ ಕಪ್ಪು ಮೈಯ ಈ ಜೇಡ ಕಲ್ಲು, ಕೊರಡುಗಳ ಅಡಿಯ ತೇವದ ನೆಲದಲ್ಲಿ ಬಿಲ ಮಾಡಿ, ಅದರ ಒಳಮೈಗೆ ನೂಲಿನ ಹೊದಿಕೆ ನೇಯುತ್ತದೆ. ಹೆಣ್ಣು ಹೊರಬರುವುದು ವಿರಳ. ಗಂಡು ಮಾತ್ರ ಬೆಚ್ಚನೆಯ ತಿಂಗಳುಗಳ ಇರುಳಿನಲ್ಲಿ ಹೆಣ್ಣನ್ನರಸಿ ಅಲೆಯುತ್ತ ಮನೆಯೊಳಗೂ ಬಂದು, ಬೂಟಿನಲ್ಲೋ ನೆಲದ ಮೇಲೆ ಬಿದ್ದ ಬಟ್ಟೆಯಲ್ಲೋ ಅಡಗುತ್ತದೆ. ಹೆಚ್ಚು ಘೋರವಾದುದು ಈ ಗಂಡಿನ ವಿಷವೇ. ಬಾಯಿಯ ಸುತ್ತ ಜುಮ್ಮೆನ್ನುವುದು, ಬೆವರು, ಜೊಲ್ಲು, ಸ್ನಾಯುಗಳ ಅದುರುವಿಕೆ, ವಿಷ ಬಲವಾಗಿ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬುವಿಕೆ. ವಿಚಿತ್ರವೆಂದರೆ, ಮನುಷ್ಯರನ್ನೂ ಮಂಗಗಳನ್ನೂ ಹೀಗೆ ಕಾಡುವ ವಿಷ ನಾಯಿ, ಬೆಕ್ಕು, ಮೊಲಗಳನ್ನು ಅಷ್ಟಾಗಿ ಬಾಧಿಸದು.

1927ರಿಂದ ಈ ಜೇಡದ ಕಡಿತದಿಂದ ದಾಖಲಾದ ಸಾವುಗಳು 13. ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಮೆಲ್ಬೋರ್ನಿನ ಕಾಮನ್‌ವೆಲ್ತ್ ಸೀರಂ ಪ್ರಯೋಗಾಲಯದ ಡಾ. ಸ್ಟ್ರುವನ್ ಸದರ್‌ಲ್ಯಾಂಡ್ ಅವರು ವರ್ಷಗಟ್ಟಲೆ ಶ್ರಮಿಸಿ, ಮೊಲಗಳಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟಿದ ರಕ್ಷಕಾಂಶದಿಂದ ಪ್ರತಿವಿಷವನ್ನು ಸಿದ್ಧಪಡಿಸಿದರು. 1981ರಲ್ಲಿ ಅದು ಬಳಕೆಗೆ ಬಂದ ಮೇಲೆ ಇದರ ಕಡಿತದಿಂದ ಸಾವು ದಾಖಲಾಗಿಲ್ಲ. ಈ ಕಥೆಯನ್ನು ಹೇಳುವವರು ಮೂಕ ಮೊಲದ ಋಣವನ್ನು ಮಾತ್ರ ಮರೆತೇಬಿಡುತ್ತಾರೆ!

ಕಡಿತವಾದಾಗ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಸರ್ವಥಾ ಸಲ್ಲದು. ಕಡಿದ ಜಾಗದ ಮೇಲೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ, ಅದನ್ನು ಇಡೀ ಕೈಗೆ ಅಥವಾ ಕಾಲಿಗೆ ಮುಂದುವರಿಸಿ, ದಬ್ಬೆ ಕಟ್ಟಿ, ವ್ಯಕ್ತಿಯನ್ನು ನಡೆಯಗೊಡದೆ ಆಂಬುಲೆನ್ಸ್ ಕರೆಯಬೇಕು. ಅಲ್ಲಿ ಅದರ ಸಂಖ್ಯೆ 000. ಅದೇ ದೇಶದ ಕೆಂಪುಬೆನ್ನಿನ ಜೇಡ ಕಚ್ಚಿದರೆ ಮಾತ್ರ ಹೀಗೆ ಪಟ್ಟಿ ಸುತ್ತುವುದಿಲ್ಲ. ಮಂಜುಗಡ್ಡೆಯ ತಂಪು ಕೊಟ್ಟು ವೈದ್ಯರಲ್ಲಿಗೆ ಒಯ್ಯುತ್ತಾರೆ.

ಪ್ರತಿವಿಷಕ್ಕೆ ಬೇಕಾದ ವಿಷ ಇಂದಿಗೂ ಜೇಡಗಳಿಂದಲೇ ದೊರೆಯಬೇಕು. ಸಿಡ್ನಿಯ ಉತ್ತರಕ್ಕಿರುವ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನವರು ಸಣ್ಣ ಗಾಜಿನ ನಳಿಕೆಯಿಂದ ಅದರ ಕೋರೆಯ ತುದಿಯ ಹನಿಯನ್ನು ಹೀರಿ ತೆಗೆಯುತ್ತಾರೆ. ಆ ಜೇಡಗಳನ್ನು ಜೋಪಾನವಾಗಿ ಸೀಸೆಯಲ್ಲಿ ಹಿಡಿದು ತಂದೊಪ್ಪಿಸುವವರಲ್ಲಿ ಆ ಊರಿನ ಗೃಹಸ್ಥರೂ ಇದ್ದಾರೆ.