ಶಾಂತಿಯ ಪರ ದನಿ ಎತ್ತುವ ವಿದ್ಯಾರ್ಥಿಗಳ ವಾಕ್ ಸ್ವಾತಂತ್ರ್ಯಕ್ಕೆ ರಕ್ಷಣೆ ಕೋರಿ ಮನವಿ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಚಾಮರಾಜನಗರ ಜಿಲ್ಲೆ, ಚಾಮರಾಜನಗರ
ಮುಖಾಂತರ: ಮಾನ್ಯ ತಹಶೀಲ್ದಾರರು, ಕೊಳ್ಳೇಗಾಲ ತಾಲ್ಲೂಕು
ಇವರಿಂದ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ವಿದ್ಯಾರ್ಥಿಗಳು, ಪೋಷಕರು ಹಾಗೂ ನಾಗರಿಕರು

ವಿಷಯ: ಶಾಂತಿಯುತ ಅಭಿವ್ಯಕ್ತಿಯ ಕಾರಣಕ್ಕೆ ವಿದ್ಯಾರ್ಥಿಗಳ ಮೇಲೆ ಆತುರದ ಮೊಕದ್ದಮೆ ದಾಖಲಾಗದಂತೆ ಕ್ರಮ ವಹಿಸುವ ಕುರಿತು.

ಮಾನ್ಯರೇ,

ಸಂವಿಧಾನದ 19(1)(ಎ) ವಿಧಿಯು ನಾಗರಿಕರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನೂ 19(1)(ಬಿ) ವಿಧಿಯು ನಿರಾಯುಧರಾಗಿ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ನೀಡಿದ್ದು, ಸಮಂಜಸ ನಿರ್ಬಂಧಗಳಿಗೆ ಅವಕಾಶವಿದ್ದರೂ ಸರ್ಕಾರದ ನೀತಿಯನ್ನು ಒಪ್ಪದಿರುವುದಾಗಲಿ ಯುದ್ಧ ಬೇಡವೆನ್ನುವುದಾಗಲಿ ಆ ನಿರ್ಬಂಧಗಳ ಪಟ್ಟಿಯಲ್ಲಿಲ್ಲ. ಆದರೂ ಅಂಥ ಮಾತಿಗೆ ಯುವಜನರು ತೆರುತ್ತಿರುವ ಬೆಲೆ ತೀರ್ಪಿನಿಂದ ಬರುವುದಲ್ಲ. ಮೊಕದ್ದಮೆ ದಾಖಲಾದ ದಿನಕ್ಕೂ ಜಾಮೀನು ಸಿಕ್ಕ ದಿನಕ್ಕೂ ನಡುವೆಯೇ ಅದು ವಸೂಲಾಗಿಬಿಡುತ್ತದೆ.

2020ರ ಜನವರಿ 8ರಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆದ ಪ್ರತಿಭಟನೆಯಲ್ಲಿ ಕಾಶ್ಮೀರದ ಬಗ್ಗೆ ಭಿತ್ತಿಫಲಕ ಹಿಡಿದ ಹಳೆಯ ವಿದ್ಯಾರ್ಥಿನಿಯೊಬ್ಬರ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಯಿತು. ಕಾಶ್ಮೀರದಲ್ಲಿ ಸ್ಥಗಿತಗೊಂಡಿದ್ದ ಅಂತರ್ಜಾಲ ಸಂಪರ್ಕ ಮರಳಲೆಂಬುದಷ್ಟೇ ಫಲಕದ ಆಶಯವೆಂದು ಅವರು ವಿವರಿಸಿದರೂ, ಅವರ ಪರ ವಕಾಲತ್ತು ವಹಿಸಬಾರದೆಂದು ಸ್ಥಳೀಯ ವಕೀಲರ ಸಂಘವೇ ನಿರ್ಣಯಿಸಿತ್ತು. ಕಡೆಗೆ ಹೊರ ಊರುಗಳ ವಕೀಲರು ಹಾಜರಾದ ಮೇಲೆ ಜಾಮೀನು ದೊರೆಯಿತು. ಮರುವರ್ಷ ಫೆಬ್ರುವರಿ 13ರಂದು ಬೆಂಗಳೂರಿನ 22 ವರ್ಷದ ಪರಿಸರ ಹೋರಾಟಗಾರ್ತಿ ದಿಶಾ ರವಿ ಅವರನ್ನು, ರೈತ ಚಳವಳಿಯನ್ನು ಬೆಂಬಲಿಸುವ ‘ಟೂಲ್‌ಕಿಟ್’, ಎಂದರೆ ಬೆಂಬಲ ಸೂಚಿಸುವ ಬಗೆಗಳನ್ನು ತಿಳಿಸುವ ಕೈಪಿಡಿಯನ್ನು, ತಿದ್ದಿ ಹಂಚಿದ ಆರೋಪದಲ್ಲಿ ದೆಹಲಿ ಪೊಲೀಸರು ಬಂಧಿಸಿದರು. ಸಾಕ್ಷ್ಯ ತೀರ ಅಲ್ಪವೆಂದು ಕಂಡ ದೆಹಲಿಯ ನ್ಯಾಯಾಲಯ ಅದೇ ತಿಂಗಳ 23ರಂದು ಅವರಿಗೆ ಜಾಮೀನು ನೀಡಿತು.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಹಿಂಸೆಗೆ ಅಥವಾ ಸಾರ್ವಜನಿಕ ಅಶಾಂತಿಗೆ ಪ್ರಚೋದಿಸದ ಟೀಕೆ ರಾಜದ್ರೋಹವಲ್ಲವೆಂದು ಸುಪ್ರೀಂ ಕೋರ್ಟ್ 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಹೇಳಿತು. ಕಾನೂನು ವಿದ್ಯಾರ್ಥಿನಿಯಾಗಿದ್ದ ಶ್ರೇಯಾ ಸಿಂಘಾಲ್ ಸಲ್ಲಿಸಿದ ಅರ್ಜಿಯಲ್ಲಿ 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಎಯನ್ನು ರದ್ದುಪಡಿಸಿತು. ಮೈಸೂರು ನಿವಾಸಿ, ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರ ಅರ್ಜಿಯ ವಿಚಾರಣೆಯಲ್ಲಿ 2022ರ ಮೇ 11ರಂದು ರಾಜದ್ರೋಹದ ಕಲಂ 124ಎಯನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹೆಸರು ಇಲ್ಲವಾದರೂ ದೇಶದ ಸಾರ್ವಭೌಮತೆಗೆ ಅಪಾಯ ತರುವ ಕೃತ್ಯಗಳ ಕುರಿತ ಕಲಂ 152 ಸೇರಿಕೊಂಡಿರುವುದರಿಂದ, ಹಳೆಯ ಎಚ್ಚರಿಕೆ ಈಗಲೂ ಅಗತ್ಯವಾಗಿದೆ.

ಮಾತು ಅಡಗಿದರೆ ಏನಾಗುತ್ತದೆಂಬುದನ್ನು ಈ ಸೀಮೆ ಕಂಡಿದೆ. ಕಾಡುಗಳ್ಳ ವೀರಪ್ಪನ್ ವಿರುದ್ಧದ ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರು ಅನುಭವಿಸಿದ ಚಿತ್ರಹಿಂಸೆಯ ದೂರುಗಳನ್ನು ಆಲಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿಯನ್ನು ನೇಮಿಸಿದ್ದು 1999ರಲ್ಲಿ. 89 ಸಂತ್ರಸ್ತರಿಗೆ ಪರಿಹಾರ ಶಿಫಾರಸಾದದ್ದು 2007ರಲ್ಲಿ. ಅದಕ್ಕೂ ಹಿಂದೆ, 1898ರಲ್ಲಿ ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿದ ನಾಟಕಕಾರ ಸಂಸರು ಪೊಲೀಸರು ಬೆನ್ನಟ್ಟುತ್ತಿದ್ದಾರೆಂಬ ಭೀತಿಯಲ್ಲೇ ಅಲೆದು 1939ರಲ್ಲಿ ತೀರಿಕೊಂಡರು. ಆ ಭೀತಿಗೆ ಆಧಾರವಿತ್ತೋ ಇಲ್ಲವೋ, ಭೀತಿಯೊಂದೇ ಬರೆಯುವ ಕೈಯನ್ನು ಎಷ್ಟು ನವೆಸಬಲ್ಲದೆಂಬುದಕ್ಕೆ ಅವರ ಬದುಕು ಸಾಕ್ಷಿಯಾಗಿದೆ. ಕನ್ನಡ, ತಮಿಳು, ಸೋಲಿಗ ನುಡಿಗಳು ಒಟ್ಟಿಗೆ ಕೇಳಿಬರುವ ಈ ಗಡಿನಾಡಿನಲ್ಲಿ ಸೌಹಾರ್ದದ ಮಾತಾಡುವ ವಿದ್ಯಾರ್ಥಿ ಆಡಳಿತಕ್ಕೆ ಹೊರೆಯಲ್ಲ, ನೆರವು.

ಆದ್ದರಿಂದ ಈ ಕೆಳಕಂಡ ಬೇಡಿಕೆಗಳನ್ನು ಸಲ್ಲಿಸಲಾಗಿದೆ:

1. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3) ಅವಕಾಶ ನೀಡಿದ್ದು, ಮಾತು-ಬರಹದ ಪ್ರಕರಣಗಳಲ್ಲಿ ಅದನ್ನು ಬಳಸುವುದು ಸೂಕ್ತವೆಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ (2025) ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಮೂರೂ ತಾಲ್ಲೂಕುಗಳ ಠಾಣೆಗಳಿಗೆ ಈ ಕುರಿತು ಲಿಖಿತ ಸೂಚನೆ ಹೋಗುವಂತೆ ಮಾಡಬೇಕು.

2. ಭಾಷಣ, ಭಿತ್ತಿಫಲಕ ಅಥವಾ ಜಾಲತಾಣದ ಬರಹಕ್ಕೆ ನ್ಯಾಯ ಸಂಹಿತೆಯ ಕಲಂ 152 ಅನ್ವಯಿಸುವ ಮುನ್ನ ಸರ್ಕಾರಿ ಅಭಿಯೋಜಕರ ಲಿಖಿತ ಅಭಿಪ್ರಾಯ ಪಡೆಯಬೇಕು.

3. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163ರ ಅಡಿ ಹೊರಡುವ ನಿಷೇಧಾಜ್ಞೆಗಳನ್ನು ಕಾರಣ ಮತ್ತು ಅವಧಿಯೊಂದಿಗೆ ಕನ್ನಡದಲ್ಲಿ ಪ್ರಕಟಿಸಬೇಕು. ಇಂಥ ಆದೇಶಗಳ ಪ್ರಕಟಣೆ ಕಡ್ಡಾಯವೆಂದು ಅನುರಾಧಾ ಭಸೀನ್ ಪ್ರಕರಣದಲ್ಲಿ (2020) ತೀರ್ಪಾಗಿದೆ.

4. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಶಾಂತಿಯುತ ಸಭೆಗೆ ಒಂದು ಸ್ಥಳ ಗುರುತಿಸಿ, ಅರ್ಜಿಗೆ ಮೂರು ದಿನಗಳಲ್ಲಿ ಉತ್ತರಿಸಬೇಕು. ನಿರಾಕರಣೆ ಕಾರಣಸಹಿತ ಲಿಖಿತವಾಗಿರಬೇಕು.

5. ದೂರು ಬಂದ ಮಾತ್ರಕ್ಕೆ, ವಿದ್ಯಾರ್ಥಿಯ ಅಹವಾಲು ಕೇಳದೆ, ಕಾಲೇಜು ಮತ್ತು ವಿದ್ಯಾರ್ಥಿನಿಲಯಗಳು ಅಮಾನತು ಮಾಡುವುದು, ಪ್ರವೇಶಪತ್ರ ಅಥವಾ ವಿದ್ಯಾರ್ಥಿವೇತನ ತಡೆಯುವುದು ನಿಲ್ಲಬೇಕು.

6. ಬಂಧಿತ ವಿದ್ಯಾರ್ಥಿಗೆ ಮೊದಲ ದಿನವೇ ವಕೀಲರು ದೊರೆಯುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೋರಬೇಕು.

ಮನವಿದಾರರು ಯಾರಿಗೂ ಕಾನೂನಿನಿಂದ ವಿನಾಯಿತಿ ಕೇಳುತ್ತಿಲ್ಲ. ಹಿಂಸೆಗೆ ಕರೆ ಕೊಡುವವರು, ದ್ವೇಷ ಹರಡುವವರು ಯಾರೇ ಆಗಿದ್ದರೂ ಶಿಕ್ಷೆಯಾಗಲಿ. ಮೊದಲು ವಿಚಾರಣೆ, ಅಗತ್ಯವಿದ್ದರೆ ಆಮೇಲೆ ಮೊಕದ್ದಮೆ ಎಂಬ ಕ್ರಮವನ್ನಷ್ಟೇ ಕೋರಲಾಗಿದ್ದು, ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ನೀಡಬೇಕೆಂದು ವಿನಂತಿಸಲಾಗಿದೆ.

ಸ್ಥಳ: ಕೊಳ್ಳೇಗಾಲ
ಮನವಿದಾರರ ಸಹಿಗಳು
ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಚಾಮರಾಜನಗರ